ಕಿವಿಯ ಗುಟ್ಟು ಕಣ್ಣಿನಲ್ಲಿ

ಆಟದ ಭರದಲ್ಲಿ ಬುಗುರಿಯಂತೆ ಗಿರಗಿರನೆ ಸುತ್ತಿ ಒಮ್ಮೆಲೇ ನಿಂತ ಮಗುವಿಗೆ ನೆಲವೇ ತಿರುಗುತ್ತಿರುವಂತೆ ಭಾಸವಾಗುತ್ತದೆ. ಆಗ ಅದರ ಕಣ್ಣುಗಳನ್ನು ನೋಡಬೇಕು. ಅವು ಒಂದು ಪಕ್ಕಕ್ಕೆ ಮೆಲ್ಲನೆ ಸರಿದು, ಮತ್ತೆ ಥಟ್ಟನೆ ಮರಳುತ್ತಿರುತ್ತವೆ. ಸುತ್ತಿದ್ದು ದೇಹ, ಕದಲುವುದು ಕಣ್ಣು, ಇದಕ್ಕೆ ಕಾರಣ ಮಾತ್ರ ಕಿವಿ!

ಕಿವಿಯಿರುವುದು ಕೇಳುವುದಕ್ಕಷ್ಟೇ ಅಲ್ಲ. ತಲೆಬುರುಡೆಯ ಮೂಳೆಯೊಳಗೆ ಹುದುಗಿರುವ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವರ್ತುಲ ನಾಳಗಳಿವೆ. ತಲೆ ತಿರುಗಿದಾಗ ದ್ರವವು ತುಸು ಹಿಂದುಳಿಯುತ್ತದೆ. ಅಲ್ಲಿನ ಸೂಕ್ಷ್ಮ ರೋಮಗಳು ಬಾಗುತ್ತವೆ. ನರಗಳು ಆ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತವೆ. ಕೂಡಲೇ ಕಣ್ಣುಗಳು ತಲೆಗೆ ಎದುರು ದಿಕ್ಕಿನಲ್ಲಿ ಚಲಿಸಿ ನೋಟವನ್ನು ಸ್ಥಿರವಾಗಿಡುತ್ತವೆ. ನಡೆಯುವಾಗಲೂ ನಮಗೆ ಲೋಕವು ಅಲುಗಾಡದಂತೆ ಕಾಣುವುದು ಈ ವ್ಯವಸ್ಥೆಯಿಂದಲೇ.

ಈ ವ್ಯವಸ್ಥೆ ಕೆಟ್ಟಾಗ ತಲೆ ಸುತ್ತುತ್ತದೆ, ಹೆಜ್ಜೆ ತಪ್ಪುತ್ತದೆ. ಆದರೆ ದೋಷವಿರುವುದು ಯಾವ ಕಿವಿಯಲ್ಲಿ? ಮೂಳೆಯೊಳಗೆ ಇಣುಕಿ ನೋಡುವುದೆಂತು? ಈ ಪ್ರಶ್ನೆಗೆ ದಾರಿ ತೋರಿದವನು 1876ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ವೈದ್ಯ ರಾಬರ್ಟ್ ಬಾರಾನಿ.

ಬಾರಾನಿಯು ಕಿವಿಯ ಚಿಕಿತ್ಸಾಲಯದಲ್ಲಿ ರೋಗಿಗಳ ಕಿವಿಗೆ ನೀರು ಹಾಯಿಸಿ ತೊಳೆಯುತ್ತಿದ್ದನು. ಕೆಲವರಿಗೆ ಆಗ ತಲೆ ಸುತ್ತುತ್ತಿತ್ತು. ನೀರು ಸಾಕಷ್ಟು ಬೆಚ್ಚಗಿರದಿದ್ದರೆ ಮಾತ್ರ ತನಗೆ ಹೀಗಾಗುವುದೆಂದು ರೋಗಿಯೊಬ್ಬನು ಹೇಳಿದನು. ಬಾರಾನಿ ಆ ಮಾತನ್ನು ತಳ್ಳಿಹಾಕಲಿಲ್ಲ. ತಣ್ಣೀರು ಹಾಯಿಸಿ ನೋಡಿದನು. ಕಣ್ಣು ಎದುರು ಕಿವಿಯ ಕಡೆಗೆ ಜಿಗಿಯತೊಡಗಿತು. ಬಿಸಿನೀರು ಹಾಯಿಸಿದಾಗ ಅದೇ ಕಿವಿಯ ಕಡೆಗೆ ಜಿಗಿಯಿತು. ಸ್ನಾನಕ್ಕೆ ಕಾಯಿಸುವ ನೀರಿನಲ್ಲಿ ಬಿಸಿಯಾದುದು ಮೇಲೇರುವುದು, ತಣ್ಣಗಿರುವುದು ಕೆಳಗುಳಿಯುವುದು ಅವನ ನೆನಪಿಗೆ ಬಂತು. ಒಳಕಿವಿಯ ದ್ರವವೂ ಹೀಗೆಯೇ ಹರಿಯುತ್ತಿರಬೇಕೆಂದು ಅವನು ಊಹಿಸಿದನು. ಹಾಗಿದ್ದರೆ ತಲೆಯನ್ನು ಮೇಲುಕೆಳಗು ಮಾಡಿದಾಗ ಕಣ್ಣಿನ ಚಲನೆಯೂ ತಿರುಗುಮುರುಗಾಗಬೇಕಲ್ಲವೆ? ಪರೀಕ್ಷಿಸಿದನು, ಹಾಗೆಯೇ ಆಯಿತು. ಮುಂದೆ 1983ರಲ್ಲಿ ಬಾಹ್ಯಾಕಾಶದ ತೂಕರಹಿತ ಸ್ಥಿತಿಯಲ್ಲಿಯೂ ಇದೇ ಚಲನೆ ಕಂಡುಬಂದುದರಿಂದ, ಅದಕ್ಕೆ ಬೇರೆ ಕಾರಣಗಳೂ ಇವೆಯೆಂದು ತಿಳಿಯಿತು. ವಿವರಣೆ ತಿದ್ದುಪಡಿಯಾಯಿತು, ಪರೀಕ್ಷೆ ಉಳಿಯಿತು.

ಇಂದು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ದೇಹದ ಶಾಖಕ್ಕಿಂತ 7 ಡಿಗ್ರಿ ಕಡಿಮೆ ಹಾಗೂ 7 ಡಿಗ್ರಿ ಹೆಚ್ಚು, ಅಂದರೆ 30 ಮತ್ತು 44 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರನ್ನು ಒಂದೊಂದೇ ಕಿವಿಗೆ ಹಾಯಿಸುತ್ತಾರೆ. ಕತ್ತಲೆ ಕವಿದ ಕನ್ನಡಕದೊಳಗಿನ ಪುಟ್ಟ ಕ್ಯಾಮೆರಾ ಕಣ್ಣಿನ ಚಲನೆಯನ್ನು ದಾಖಲಿಸುತ್ತದೆ. ಒಂದು ಕಿವಿಗೆ ಕಣ್ಣು ಚುರುಕಾಗಿ ಸ್ಪಂದಿಸಿ ಇನ್ನೊಂದಕ್ಕೆ ಮಂದವಾದರೆ, ಮಂದವಾದ ಕಡೆಯಲ್ಲಿ ದೋಷವಿರುವ ಸಂಭವ ಹೆಚ್ಚು. ತಲೆಸುತ್ತಿನ ಮೂಲ ಕಿವಿಯೋ ಮಿದುಳೋ ಎಂಬುದನ್ನು ನಿರ್ಣಯಿಸಲು ಇಂತಹ ಪರೀಕ್ಷೆಗಳು ನೆರವಾಗುತ್ತವೆ.

ಮೊದಲನೆಯ ಮಹಾಯುದ್ಧದಲ್ಲಿ ಬಾರಾನಿ ಆಸ್ಟ್ರಿಯಾದ ಸೈನ್ಯದಲ್ಲಿ ವೈದ್ಯನಾಗಿ ದುಡಿದು, 1915ರಲ್ಲಿ ರಷ್ಯನ್ನರ ಸೆರೆಯಾಳಾದನು. 1914ರ ನೊಬೆಲ್ ಪಾರಿತೋಷಕ ತನಗೆ ದೊರೆತ ಸುದ್ದಿಯನ್ನು ಅವನು ಕೇಳಿದ್ದು ಸೆರೆಯಲ್ಲಿ! ಸ್ವೀಡನ್ನಿನ ರಾಜಕುಮಾರ ಕಾರ್ಲ್ ರೆಡ್‌ಕ್ರಾಸ್‌ನ ಪರವಾಗಿ ಪ್ರಯತ್ನಿಸಿದ ಫಲವಾಗಿ 1916ರಲ್ಲಿ ಬಿಡುಗಡೆ ಹೊಂದಿದನು. ಮುಂದೆ ಸ್ವೀಡನ್ನಿನ ಉಪ್ಸಾಲಾದಲ್ಲಿ ನೆಲೆಸಿ 1936ರಲ್ಲಿ ತೀರಿಕೊಂಡನು.

ಬೆಲೆಬಾಳುವ ಯಂತ್ರವೊಂದೂ ಅವನ ಶೋಧಕ್ಕೆ ಆಧಾರವಾಗಿರಲಿಲ್ಲ. ನೀರು ತಣ್ಣಗಿದೆಯೆಂದು ಸಾಮಾನ್ಯ ರೋಗಿಯೊಬ್ಬನು ದೂರಿದನು. ವೈದ್ಯನು ಕಿವಿಗೊಟ್ಟು ಕೇಳಿದನು, ಕಣ್ಣಿಟ್ಟು ನೋಡಿದನು. ಅದರಿಂದ ಲೋಕಕ್ಕೆ ಉಪಕಾರವಾಯಿತು.