ಅಮೇರಿಕದ ಪಕ್ಷರಾಜಕಾರಣವೂ ಚೆರೊಕೀ ಜನರ ದೇಶಾಂತರವೂ

ಅಮೇರಿಕದ ಸಂಯುಕ್ತ ಸಂಸ್ಥಾನಗಳು ಅಟ್ಲಾಂಟಿಕ್ ಸಾಗರದ ದಡದಿಂದ ಪಶ್ಚಿಮಕ್ಕೆ ವಿಸ್ತರಿಸಿದ ಬಗೆಯನ್ನು ಚರಿತ್ರೆಯ ಪಾಠಗಳಲ್ಲಿ ಓದುವಾಗ, ಮಳೆಗಾಲದ ಹೊಳೆಯು ದಡಮೀರಿ ಹರಿಯುವಂತೆ ಆ ಜನರೂ ತಾವಾಗಿಯೇ ಹರಿದುಹೋದರೆಂಬ ಭಾವನೆ ಉಂಟಾಗುವುದು ಸಹಜ. ಹೊಳೆಗೆ ವಿವೇಚನೆಯಿಲ್ಲ, ಆದಕಾರಣ ಅದರ ಮೇಲೆ ದೋಷ ಹೊರಿಸುವಂತಿಲ್ಲ. ಆದರೆ ಈ ವಿಸ್ತರಣೆಯ ಒಂದು ಮುಖ್ಯ ಘಟ್ಟವು ಶಾಸನಸಭೆಯಲ್ಲಿ ಮತವೆಣಿಸಿ, ಐದೇ ಮತಗಳ ಅಂತರದಿಂದ ತೀರ್ಮಾನವಾದುದು. ಮತದ ಹಕ್ಕೇ ಇಲ್ಲದಿದ್ದ ಸ್ತ್ರೀಯರು ಆ ಕಾಲದಲ್ಲಿ ಏನು ಮಾಡಿದರೆಂಬುದು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ವಿಶೇಷವಾಗಿ ತಿಳಿಯತಕ್ಕ ಸಂಗತಿ.

ಮೊದಲು ಪಕ್ಷಗಳ ವಿಚಾರ. 1824ನೆಯ ಇಸವಿಯ ಅಧ್ಯಕ್ಷರ ಚುನಾವಣೆಯಲ್ಲಿ ಸ್ಪರ್ಧಿಸಿದ ನಾಲ್ವರೂ ರಿಪಬ್ಲಿಕನ್ ಎಂಬ ಒಂದೇ ಹೆಸರಿನ ಪಕ್ಷದವರು. (ಇದು ಈಗಿನ ರಿಪಬ್ಲಿಕನ್ ಪಕ್ಷವಲ್ಲ, ಅದು 1854ರಲ್ಲಿ ಹುಟ್ಟಿದ್ದು.) ಆಂಡ್ರೂ ಜಾಕ್ಸನನಿಗೆ ಎಲ್ಲರಿಗಿಂತ ಹೆಚ್ಚು ಮತಗಳು ಬಂದರೂ ಬಹುಮತ ದೊರೆಯಲಿಲ್ಲ, ನಿಯಮದಂತೆ ಪ್ರತಿನಿಧಿಸಭೆಯು ಜಾನ್ ಕ್ವಿನ್ಸಿ ಆಡಮ್ಸನನ್ನು ಆರಿಸಿತು. ಆಡಮ್ಸನಿಗೆ ನೆರವಾದ ಹೆನ್ರಿ ಕ್ಲೇ ಎಂಬವನು ವಿದೇಶಾಂಗ ಮಂತ್ರಿಯಾದನು. ಇದು ಒಳಗೊಳಗೇ ಕುದುರಿಸಿದ ವ್ಯಾಪಾರವೆಂದು ಜಾಕ್ಸನನ ಕಡೆಯವರು ನಾಲ್ಕು ವರ್ಷ ಬಿಡದೆ ಸಾರಿ, 1828ರಲ್ಲಿ ಅವನನ್ನು ಗೆಲ್ಲಿಸಿದರು. ಇವರೇ ಡೆಮೊಕ್ರಾಟರು. ಇವರ ವಿರೋಧಿಗಳು 1834ರ ಸುಮಾರಿಗೆ ವಿಗ್ ಎಂಬ ಪಕ್ಷವಾಗಿ ಒಗ್ಗೂಡಿದರು. ಜಾಕ್ಸನನ ಬಲವು ಬಹುಮಟ್ಟಿಗೆ ದಕ್ಷಿಣದಲ್ಲಿಯೂ ಪಶ್ಚಿಮದಲ್ಲಿಯೂ ಇತ್ತು. ಅಲ್ಲಿಯ ಜನರಿಗೆ ಬೇಕಾಗಿದ್ದುದು ಭೂಮಿ. ಅದರಲ್ಲಿಯೂ ಹತ್ತಿ ಬೆಳೆಯುವ ಭೂಮಿ.

ಆ ಭೂಮಿಯು ಬರಿದಾಗಿರಲಿಲ್ಲ. ಜಾರ್ಜಿಯಾ ಸಂಸ್ಥಾನದ ಉತ್ತರಭಾಗದಲ್ಲಿಯೂ ನೆರೆಯ ಗುಡ್ಡನಾಡಿನಲ್ಲಿಯೂ ಚೆರೊಕೀ ಎಂಬ ಮೂಲನಿವಾಸಿಗಳು ಅನಾದಿಕಾಲದಿಂದ ವಾಸವಾಗಿದ್ದರು. ಇಂಗ್ಲಿಷ್ ಓದಲು ಬಾರದ ಸೆಕ್ವೋಯಾ ಎಂಬವನು 1821ರ ಹೊತ್ತಿಗೆ ಇವರ ನುಡಿಗೆ, ನಮ್ಮ ಕಾಗುಣಿತವನ್ನು ನೆನಪಿಗೆ ತರುವ ರೀತಿಯಲ್ಲಿ, ಒಂದೊಂದು ಉಚ್ಚಾರಕ್ಕೆ ಒಂದೊಂದರಂತೆ 80ಕ್ಕೂ ಮಿಕ್ಕ ಅಕ್ಷರಗಳನ್ನು ಕಲ್ಪಿಸಿದನು. 1827ರಲ್ಲಿ ಅವರು ತಮ್ಮದೇ ರಾಜ್ಯಾಂಗವನ್ನು ಬರೆದುಕೊಂಡರು. 1828ರಲ್ಲಿ ಚೆರೊಕೀ ಹಾಗೂ ಇಂಗ್ಲಿಷ್ ಭಾಷೆಗಳಲ್ಲಿ ವೃತ್ತಪತ್ರಿಕೆಯನ್ನು ಹೊರಡಿಸಿದರು. 1813ರಲ್ಲಿ ಮುಂಬಯಿಗೆ ಬಂದಿಳಿದ ಅಮೇರಿಕನ್ ಮಿಷನಿನವರೇ 1817ರಲ್ಲಿ ಈ ಜನರ ನಡುವೆ ಬ್ರೈನರ್ಡ್ ಎಂಬಲ್ಲಿ ಶಾಲೆಯನ್ನು ತೆರೆದರು. ಚೆರೊಕೀ ಜನರಲ್ಲಿ ಸಿರಿವಂತರು ಕೆಲವರು ನೀಗ್ರೋ ಗುಲಾಮರನ್ನು ಇಟ್ಟುಕೊಂಡಿದ್ದರೆಂಬುದನ್ನೂ ಮರೆಮಾಡಲಾಗದು. ಕಾಡುಜನರು ನಾಗರಿಕರಾಗಲಿ, ಆಮೇಲೆ ನೋಡೋಣ ಎಂದು ಹೇಳುತ್ತ ಬಂದವರಿಗೆ, ಅವರು ನಾಗರಿಕರಾದದ್ದೇ ದೊಡ್ಡ ತೊಡಕಾಯಿತು. ಹೊಲ, ಮನೆ, ಕಾನೂನು ಉಳ್ಳವರನ್ನು ಎಬ್ಬಿಸುವುದು ಸುಲಭವಲ್ಲ.

ಜಾರ್ಜಿಯಾದ ಸರಕಾರವು 1828ರ ಡಿಸೆಂಬರಿನಲ್ಲಿ ಚೆರೊಕೀ ನಾಡೆಲ್ಲವೂ ತನ್ನ ಕಾನೂನಿಗೆ ಒಳಪಟ್ಟದ್ದೆಂದು ಸಾರಿತು. ಮರುವರ್ಷ ಅಲ್ಲಿ ಚಿನ್ನ ದೊರೆತು ಜನ ಮುಗಿಬಿದ್ದರು. 1829ರ ಡಿಸೆಂಬರಿನಲ್ಲಿ ಜಾಕ್ಸನನು, ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯ ಆಚೆಗೆ ಸಾಗಿಸಲು ಕಾನೂನು ಮಾಡಬೇಕೆಂದು ಶಾಸನಸಭೆಗೆ ಸೂಚಿಸಿದನು.

ಆಗ ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಹುಡುಗಿಯರ ಶಾಲೆಯೊಂದನ್ನು ನಡೆಸುತ್ತಿದ್ದ ಮಿಸ್ ಕ್ಯಾಥರಿನ್ ಬೀಚರ್ ಎಂಬಾಕೆ, ವಯಸ್ಸು 29, ದೇಶದ ಸ್ತ್ರೀಯರೆಲ್ಲ ಈ ಅನ್ಯಾಯದ ವಿರುದ್ಧ ಶಾಸನಸಭೆಗೆ ಬಿನ್ನಹ ಕಳುಹಿಸಬೇಕೆಂದು ಪತ್ರವೊಂದನ್ನು ಬರೆದು, ತನ್ನ ಹೆಸರನ್ನು ಕಾಣಿಸದೆ ಅಚ್ಚುಹಾಕಿಸಿ ಊರೂರಿಗೆ ಹಂಚಿದಳು. ಮಿಷನಿನ ಕಾರ್ಯದರ್ಶಿಯಾದ ಜೆರೆಮಾಯ ಎವರ್ಟ್ಸನು ವಿಲಿಯಂ ಪೆನ್ ಎಂಬ ಗುಪ್ತನಾಮದಿಂದ ಇದೇ ವಿಷಯದಲ್ಲಿ 24 ಲೇಖನಗಳನ್ನು ಬರೆದಿದ್ದನು. ಒಹಾಯೊ ಸಂಸ್ಥಾನದ ಸ್ಟೂಬನ್‌ವಿಲ್ ಎಂಬ ಊರೊಂದರಿಂದಲೇ 60ಕ್ಕೂ ಹೆಚ್ಚು ಸ್ತ್ರೀಯರ ರುಜುಗಳುಳ್ಳ ಬಿನ್ನಹವು 1830ರ ಫೆಬ್ರವರಿಯಲ್ಲಿ ಸಭೆಯ ಮುಂದೆ ಬಂತು. ಅಮೇರಿಕದ ಸ್ತ್ರೀಯರು ದೇಶದ ರಾಜಕೀಯ ಪ್ರಶ್ನೆಯೊಂದರಲ್ಲಿ ಹೀಗೆ ಒಟ್ಟಾಗಿ ಬಿನ್ನವಿಸಿಕೊಂಡದ್ದು ಅದೇ ಮೊದಲು. ಮಿಸೌರಿಯ ಸೆನೆಟರ್ ಬೆಂಟನನು ಅವರನ್ನು ತುಂಬಿದ ಸಭೆಯಲ್ಲಿ ಪರಿಹಾಸ್ಯ ಮಾಡಿದನು. ಈ ಬೀಚರಳೇ 1837ರಲ್ಲಿ, ಗುಲಾಮಗಿರಿಯ ವಿರುದ್ಧ ಸ್ತ್ರೀಯರು ಬಿನ್ನಹ ಕಳುಹಿಸುವುದು ಸಲ್ಲದೆಂದು ಪುಸ್ತಕ ಬರೆದಳೆಂಬುದು ವಿಚಿತ್ರವಾದರೂ ನಿಜ.

ಸೆನೆಟಿನಲ್ಲಿ ನ್ಯೂ ಜೆರ್ಸಿಯ ಫ್ರೀಲಿಂಗ್‌ಹೈಸನನು ಮೂರು ದಿನಗಳಲ್ಲಿ ಒಟ್ಟು ಆರು ತಾಸು ಮಾತಾಡಿ ಮಸೂದೆಯನ್ನು ವಿರೋಧಿಸಿದನು. ಆದರೂ ಅದು 28ಕ್ಕೆ 19 ಮತಗಳಿಂದ ಗೆದ್ದಿತು. ಪ್ರತಿನಿಧಿಸಭೆಯಲ್ಲಿ ಜಾಕ್ಸನನ ಪಕ್ಷಕ್ಕೆ ದೊಡ್ಡ ಬಹುಮತವಿದ್ದರೂ, ಉತ್ತರದ ಡೆಮೊಕ್ರಾಟರಲ್ಲಿ ಅನೇಕರು, ಮುಖ್ಯವಾಗಿ ಕ್ವೇಕರರು ಹೆಚ್ಚಾಗಿದ್ದ ಪೆನ್ಸಿಲ್ವೇನಿಯದವರು, ನಾಯಕನ ಮಾತಿಗೆ ಒಪ್ಪಲಿಲ್ಲ. ಟೆನೆಸಿಯ ಡೇವಿಡ್ ಕ್ರಾಕೆಟನು ತನ್ನ ಸಂಸ್ಥಾನದವನೇ ಆದ ಜಾಕ್ಸನನಿಗೆ ಎದುರಾಗಿ ಮತವಿತ್ತನು. 1830ರ ಮೇ 26ರಂದು ಮತವೆಣಿಸಿದಾಗ ಮಸೂದೆಯ ಪರವಾಗಿ 102, ವಿರುದ್ಧವಾಗಿ 97. ಇನ್ನು ಮೂವರು ಮನಸ್ಸು ಬದಲಿಸಿದ್ದರೆ ಮಸೂದೆ ಬೀಳುತ್ತಿತ್ತು. ದಕ್ಷಿಣದವರಿಗೆ ಪ್ರತಿನಿಧಿಸ್ಥಾನಗಳನ್ನು ಹಂಚುವಾಗ ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನೂ ಲೆಕ್ಕಕ್ಕೆ ಸೇರಿಸುತ್ತಿದ್ದರು. ಆ ಗುಲಾಮರಿಗಾದರೋ ಮತವಿರಲಿಲ್ಲ. ಈ ಹೆಚ್ಚುವರಿ ಸ್ಥಾನಗಳು ಇಲ್ಲದಿದ್ದರೆ ಮಸೂದೆ ಸೋಲುತ್ತಿತ್ತೆಂದೇ ನನಗೆ ತೋರುತ್ತದೆ.

ಮುಂದಿನದು ದುಃಖದ ಕಥೆ. ಜಾರ್ಜಿಯಾ ಸಂಸ್ಥಾನಕ್ಕೆ ನಿಷ್ಠೆಯ ಪ್ರಮಾಣವಚನ ಕೊಡಲೊಪ್ಪದ ಮಿಷನೆರಿಗಳಾದ ಸ್ಯಾಮ್ಯುಯೆಲ್ ವುಸ್ಟರ್ ಮತ್ತು ಎಲೈಜರ್ ಬಟ್ಲರ್ ಇವರನ್ನು 1831ರಲ್ಲಿ ನಾಲ್ಕು ವರ್ಷಗಳ ಕಠಿಣ ಶಿಕ್ಷೆಗೆ ಗುರಿಮಾಡಿದರು. 1832ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶನಾದ ಮಾರ್ಷಲನು, ಚೆರೊಕೀ ನಾಡಿನಲ್ಲಿ ಜಾರ್ಜಿಯಾದ ಕಾನೂನಿಗೆ ಬೆಲೆಯಿಲ್ಲವೆಂದು ತೀರ್ಪಿತ್ತನು. ಆದರೆ ಜಾರ್ಜಿಯಾ ಅದಕ್ಕೆ ಕಿವಿಗೊಡಲಿಲ್ಲ, ಅಧ್ಯಕ್ಷನೂ ಒತ್ತಾಯಿಸಲಿಲ್ಲ. ಕಡೆಗೆ ಮಿಷನಿನ ಹಿರಿಯರೇ ಹಠ ಬಿಡಿರೆಂದು ಸಲಹೆಯಿತ್ತರು. ಸೆರೆಯಾಳುಗಳು 1833ರ ಜನವರಿಯಲ್ಲಿ ಹೊರಬಂದರು. 1835ರಲ್ಲಿ ಚೆರೊಕೀ ನಾಯಕನಾದ ಜಾನ್ ರಾಸನ ಒಪ್ಪಿಗೆಯಿಲ್ಲದೆ ಒಂದು ಸಣ್ಣ ಗುಂಪು ನಾಡನ್ನು ಬಿಟ್ಟುಕೊಡುವ ಕರಾರಿಗೆ ರುಜುಹಾಕಿತು. ಅದಕ್ಕೆ ಸೆನೆಟಿನಲ್ಲಿ ಬೇಕಾಗಿದ್ದ ಮೂರರಲ್ಲಿ ಎರಡು ಪಾಲು ಮತಗಳು ಅಷ್ಟಕ್ಕಷ್ಟೇ ಬಂದವು, ಒಂದು ಮತ ಕಡಿಮೆಯಾಗಿದ್ದರೂ ಅದು ಬೀಳುತ್ತಿತ್ತು. 1838ರಲ್ಲಿ ಸೈನಿಕರು ಸುಮಾರು 16,000 ಜನರನ್ನು ಮನೆಗಳಿಂದ ಎಬ್ಬಿಸಿ ದೊಡ್ಡಿಗಳಲ್ಲಿ ಕೂಡಿ ಪಶ್ಚಿಮಕ್ಕೆ ಸಾಗಿಸಿದರು. ರೋಗದಿಂದಲೂ ಚಳಿಯಿಂದಲೂ ಸತ್ತವರು ಸುಮಾರು 4,000 ಎಂದು ಅಂದಾಜು. ಮಸೂದೆಯನ್ನು ವಿರೋಧಿಸಿದ ಅನೇಕರನ್ನು ಒಳಗೊಂಡಿದ್ದ ವಿಗ್ ಪಕ್ಷವು 1840ರಲ್ಲಿ ಗೆದ್ದಿತು. ಆದರೆ ಅಧ್ಯಕ್ಷನಾಗಿ ಅವರು ಆರಿಸಿದ ಹ್ಯಾರಿಸನನು ಮೂಲನಿವಾಸಿಗಳೊಡನೆ ಕಾದಾಡಿಯೇ ಹೆಸರು ಪಡೆದವನು.

ವುಸ್ಟರನು ಸೆರೆಯಿಂದ ಬಿಡುಗಡೆಯಾದ ಬಳಿಕ ಪಶ್ಚಿಮಕ್ಕೇ ಹೋಗಿ, ಪಾರ್ಕ್ ಹಿಲ್ ಎಂಬಲ್ಲಿ ಅಚ್ಚುಕೂಟವನ್ನು ನಡೆಸಿದನು. 1851ರಲ್ಲಿ ಚೆರೊಕೀ ಜನರು ತಮ್ಮದೇ ಹಣದಿಂದ ಆ ಊರಿನ ಬಳಿ ಹುಡುಗಿಯರ ದೊಡ್ಡ ಶಾಲೆಯೊಂದನ್ನು ತೆರೆದರು. ಅದರ ಮೊದಲ ಉಪಾಧ್ಯಾಯಿನಿಯರಲ್ಲಿ ಒಬ್ಬಳು ವುಸ್ಟರನ ಮಗಳು ಸಾರಾ. 1887ರಲ್ಲಿ ಆ ಕಟ್ಟಡವು ಬೆಂಕಿಗೆ ಆಹುತಿಯಾಯಿತು. ಅದರ ಇಟ್ಟಿಗೆಯ ಮೂರು ಕಂಬಗಳು ಇಂದಿಗೂ ಅಲ್ಲಿ ನಿಂತಿವೆ.