ತಿಗರಿಯ ಮುಂದೆ ಆಟ, ಆಟದೊಳಗೆ ಪಾಠ

ತಿಗರಿಯ ಮೇಲೆ ಮಣ್ಣು ಎತ್ತುವುದನ್ನು ಬಾಯಿಮಾತಿನಲ್ಲಿ ಕಲಿಸಲಾಗದು. ಮೊಣಕೈ ತೊಡೆಗೆ ಊರಿ, ಅಂಗೈ ಅಲುಗಿಸಬೇಡಿ ಎಂದು ಎಷ್ಟು ಸಲ ಹೇಳಿದರೂ ಕಲಿಯುವವರ ಮನಸ್ಸೆಲ್ಲ ಮಡಕೆ ಎಲ್ಲಿ ಕೆಟ್ಟೀತೋ ಎಂಬ ಅಂಜಿಕೆಯಲ್ಲೇ ಇರುತ್ತದೆ. ಅಂಜಿದ ಕೈ ಬಿಗಿಯುತ್ತದೆ, ಬಿಗಿದ ಕೈಗೆ ಮಣ್ಣು ಒಲಿಯುವುದಿಲ್ಲ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದೇ ರೈಲು ಹಳಿಯ ಮೇಲೆ ಒಂದರ ಹಿಂದೊಂದು ಇರುವ ಊರುಗಳು. ಈ ಮೂರೂ ಕಡೆ ಕುಂಬಾರಿಕೆ ತರಗತಿ ನಡೆಸುತ್ತ ನಾನು ಕಂಡುಕೊಂಡದ್ದು ಇಷ್ಟು: ಅಂಜಿಕೆ ಬಿಡಿಸುವುದಕ್ಕೆ ಆಟದಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಆದರೆ ಆಡಿಸುವ ಪ್ರತಿ ಆಟಕ್ಕೂ ಕೈಗೆ ಬೇಕಾದ ಒಂದೇ ಒಂದು ವಿದ್ಯೆ ಗುರಿಯಾಗಿರಬೇಕು. ಗುರಿಯಿಲ್ಲದ ಆಟದಿಂದ ಹೊತ್ತು ಹೋಗುತ್ತದೆ, ಕೈ ಹಾಗೇ ಉಳಿಯುತ್ತದೆ.

ಮಣ್ಣಿನ ಪಂದ್ಯ

ಮೊದಲ ತರಗತಿಯಲ್ಲಿ ತಿಗರಿ ತಿರುಗುವುದಿಲ್ಲ. ಎಲ್ಲರೂ ತಮ್ಮ ಹೊಲದ್ದೋ ಊರ ಕೆರೆಯದೋ ಒಂದು ಬೊಗಸೆ ಮಣ್ಣು ತರಬೇಕು. ನಮ್ಮ ಸೀಮೆಯಲ್ಲಿ ಎರೆಯೂ ಇದೆ, ಮಸಾರಿಯೂ ಇದೆ, ಕೆರೆಯಂಗಳದ ಗೋಡೂ ಇದೆ. ಕಲ್ಲು ಆರಿಸಿ, ನೀರು ಹಾಕಿ ನಾದಿ, ತೆಳ್ಳಗೆ ಬತ್ತಿ ಹೊಸೆದು ಬೆರಳಿಗೆ ಸುತ್ತುವುದು ಮೊದಲ ಸುತ್ತು. ಯಾರ ಬತ್ತಿ ಬಿರಿಯದೆ ಸುತ್ತಿಕೊಳ್ಳುತ್ತದೋ ಅವರದು ಗೆಲುವು. ಇಲ್ಲಿ ಜಿಗುಟಾದ ಎರೆಮಣ್ಣು ತಂದವರು ಮುಂದಿರುತ್ತಾರೆ.

ಎರಡನೇ ಸುತ್ತಿನಲ್ಲಿ ಮಣ್ಣಿನ ಪಟ್ಟಿ ತಟ್ಟಿ, ಅದರ ಮೇಲೆ 10 ಸೆಂಟಿಮೀಟರಿನ ಗೆರೆ ಕೊರೆದು ನೆರಳಿನಲ್ಲಿ ಒಣಗಿಸುತ್ತೇವೆ. ಮುಂದಿನ ತರಗತಿಗೆ ಬಂದು ಅಳೆದರೆ ಎರೆಯ ಗೆರೆಯೇ ಎಲ್ಲಕ್ಕಿಂತ ಹೆಚ್ಚು ಕುಗ್ಗಿರುತ್ತದೆ, ಪಟ್ಟಿ ಡೊಂಕಾಗಿ ಸೀಳಿರುತ್ತದೆ. ಎರೆಯಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ತನ್ನ ಪದರಗಳ ನಡುವೆ ನೀರು ಹೀರಿ ಉಬ್ಬುತ್ತದೆ, ನೀರು ಹೋದಾಗ ಅಷ್ಟೇ ಜೋರಾಗಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಡುವುದನ್ನು ಕಂಡ ಮಕ್ಕಳಿಗೆ ಇದು ಕೂಡಲೇ ಹತ್ತುತ್ತದೆ. ಕುಂಬಾರರು ಕೆರೆಮಣ್ಣಿಗೆ ಮರಳು, ಬೂದಿ ಬೆರೆಸಿ ಹದ ಮಾಡುವುದು ಯಾಕೆಂದು ನಾನು ಹೇಳುವ ಮೊದಲೇ ಅವರು ಹೇಳಿರುತ್ತಾರೆ.

ಕಣ್ಣು ಮುಚ್ಚಿದರೆ ಕೈ ನೋಡುತ್ತದೆ

ಎಲ್ಲರೂ ಸೋಲುವುದು ಮಣ್ಣಿನ ಮುದ್ದೆಯನ್ನು ತಿಗರಿಯ ನಟ್ಟನಡುವೆ ನಿಲ್ಲಿಸುವುದರಲ್ಲಿ. ನಡುವಿಗೆ ಬಾರದ ಮಣ್ಣು ಸುತ್ತು ಸುತ್ತಿಗೂ ಕೈಯನ್ನು ಹೊರಕ್ಕೆ ತಳ್ಳುತ್ತದೆ. ಕಣ್ಣಿಂದ ನೋಡುತ್ತ ಅದನ್ನು ಬೆನ್ನಟ್ಟಿದರೆ ಕೈಯೂ ಅದರ ಜೊತೆ ಓಲಾಡುತ್ತದೆ. ಅದಕ್ಕೇ ಕಣ್ಣಿಗೆ ಬಟ್ಟೆ ಕಟ್ಟುವ ಆಟ. ನಿಯಮ ಒಂದೇ: ಮಣ್ಣು ನಿಂತಿದೆ ಎಂದು ಅನ್ನಿಸಿದಾಗ ಕೈಯನ್ನು ನಿಧಾನವಾಗಿ ಬಿಟ್ಟು ‘ನಿಂತೈತಿ’ ಅನ್ನಬೇಕು. ನಿಂತಿದೆಯೋ ಇಲ್ಲವೋ ಎಂದು ಹೇಳುವವರು ಉಳಿದವರು.

ಹಾವೇರಿಯ ತರಗತಿಯೊಂದರಲ್ಲಿ ಎಂಟನೇ ಇಯತ್ತೆಯ ಹುಡುಗಿಯೊಬ್ಬಳು ಈ ಆಟಕ್ಕೆ ಕೂತಿದ್ದಳು. ಕಣ್ಣು ಕಟ್ಟುತ್ತಲೇ ಅವಳ ಭುಜ ಇಳಿಯಿತು. ಎಡ ಮೊಣಕೈ ತಾನಾಗಿ ತೊಡೆಯ ಒಳಬದಿಗೆ ಊರಿತು. ಎಡ ಅಂಗೈಯ ಬುಡ ಮಣ್ಣಿನ ಪಕ್ಕಕ್ಕೆ, ಬಲಗೈಯ ಅಂಚು ಮೇಲಕ್ಕೆ. ಕೆಸರುನೀರು ಬೆರಳುಗಳ ನಡುವಿಂದ ಮಣಿಕಟ್ಟಿಗೆ ಇಳಿಯುತ್ತಿತ್ತು. ಮುದ್ದೆ ಮೊದಲು ಬಡಬಡ ಬಡಿಯಿತು, ಆಮೇಲೆ ಬಡಿತ ಸಣ್ಣದಾಯಿತು, ಕಡೆಗೆ ತಿರುಗುತ್ತಿದೆಯೋ ಇಲ್ಲವೋ ತಿಳಿಯದಷ್ಟು ಸುಮ್ಮನಾಯಿತು. “ಸರ್, ನಿಂತೈತ್ರೀ, ಕೈಗೆ ಏನೂ ಬಡ್ಯಾಕತ್ತಿಲ್ಲ!” ಎಂದು ಕೂಗಿದಳು. ನಾನು ಹೇಳಿಕೊಡಬೇಕಾಗಿದ್ದ ಪಾಠವೆಲ್ಲ ಅವಳ ಆ ಮಾತಿನಲ್ಲಿತ್ತು. ಮಣ್ಣು ನಡುವಿಗೆ ಬಂದಿತೆಂದು ಮೊದಲು ಅರಿಯುವುದು ಅಂಗೈ, ಕಣ್ಣು ಆಮೇಲೆ.

ಬ್ಯಾಡಗಿಯ ಮುಚ್ಚಳ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಬಿಟ್ಟು ಮಾತಿಲ್ಲ. ಖಾರ ಕಡಿಮೆ, ಕೆಂಪು ಬಣ್ಣ ಗಾಢ ಎಂಬ ಹೆಗ್ಗಳಿಕೆಯ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ. ಬೆಳಕು ಬಿದ್ದರೆ ಆ ಕೆಂಪು ಮಾಸುತ್ತದೆ. ಹೀಗಾಗಿ ಖಾರಪುಡಿಗೊಂದು ಮುಚ್ಚಳದ ಕುಡಿಕೆ ಮಾಡುವುದು ಇಲ್ಲಿನ ಆಟವಾಯಿತು.

ಇಬ್ಬಿಬ್ಬರ ಜೋಡಿ. ಒಬ್ಬರು ಕುಡಿಕೆ ಎತ್ತಬೇಕು, ಇನ್ನೊಬ್ಬರು ಅದನ್ನು ನೋಡದೆಯೇ ಮುಚ್ಚಳ ಮಾಡಬೇಕು. ನಡುವೆ ದಾಟುವುದು ಅಳತೆಯ ಗುರುತು ಹಾಕಿದ ಒಂದು ಕಡ್ಡಿ ಮಾತ್ರ. ಕುಡಿಕೆಯ ಬಾಯಿಯ ಒಳ ಅಳತೆ ಬೇಕೋ, ಹೊರ ಅಳತೆ ಬೇಕೋ ಎಂದು ಜೋಡಿಯವರು ಮೊದಲೇ ಮಾತಾಡಿಕೊಳ್ಳಬೇಕಾಗುತ್ತದೆ. ಹಸಿಯಲ್ಲಿ ಸರಿಯಾಗಿ ಕೂತ ಮುಚ್ಚಳ ಒಣಗಿದ ಮೇಲೆ ಸಿಕ್ಕಿಬೀಳಬಹುದು, ಸಡಿಲವೂ ಆಗಬಹುದು. ಒಂದೇ ಮುದ್ದೆಯ ಮಣ್ಣು ತೆಗೆದುಕೊಂಡು, ಒಂದೇ ದಿನ ಎತ್ತಿ, ಮುಚ್ಚಳವನ್ನು ಕುಡಿಕೆಯ ಮೇಲಿಟ್ಟೇ ನಿಧಾನವಾಗಿ ಒಣಗಿಸಿದವರ ಜೋಡಿ ಗೆಲ್ಲುತ್ತದೆ. ಎರಡೂ ಕೂಡಿಯೇ ಕುಗ್ಗಬೇಕು ಎಂಬ ತತ್ವ ಈ ಆಟದ ಗಳಿಕೆ. ಅದಕ್ಕಿಂತ ದೊಡ್ಡ ಗಳಿಕೆ, ನನ್ನ ಕೆಲಸ ಇನ್ನೊಬ್ಬರ ಕೆಲಸಕ್ಕೆ ಹೊಂದಬೇಕೆಂಬ ಎಚ್ಚರ.

ರಾಣೆಬೆನ್ನೂರಿನ ನೀರಿನ ಮಡಕೆ

ರಾಣೆಬೆನ್ನೂರು ಬೀಜದ ವ್ಯಾಪಾರಕ್ಕೆ ಹೆಸರಾದ ಊರು. ಇಲ್ಲಿ ತರಗತಿಗೆ ಬರುವವರಲ್ಲಿ ಕೃಷಿಯ ಮನೆಯವರೇ ಹೆಚ್ಚು. ಅವರಿಗೆ ಹೂದಾನಿಗಿಂತ ಸಸಿಯ ಬುಡದಲ್ಲಿ ಹೂಳುವ ಮಡಕೆಯೇ ಹಿಡಿಸುತ್ತದೆ. ಕುತ್ತಿಗೆ ಮಾತ್ರ ಮೇಲಿರುವಂತೆ ಹೂತು ನೀರು ತುಂಬಿ ಮುಚ್ಚಿದರೆ, ನೀರು ಗೋಡೆಯ ಸಣ್ಣ ರಂಧ್ರಗಳಿಂದ ಬೇರಿನ ಕಡೆಗೆ ಮೆಲ್ಲಗೆ ಜಿನುಗುತ್ತದೆ. ಕ್ರಿಸ್ತಪೂರ್ವ 1ನೇ ಶತಮಾನದಲ್ಲಿಯೇ ಚೀನಾದ ಫಾನ್ ಶೆಂಗ್‌ಝಿ ಈ ಪದ್ಧತಿಯನ್ನು ಬರೆದಿಟ್ಟಿದ್ದಾನೆ.

ಇದರ ಸವಾಲು ಗೋಡೆಯ ದಪ್ಪ. ಎಲ್ಲರಿಗೂ ಅರ್ಧ ಕಿಲೋ ಮಣ್ಣು. ಎತ್ತಿದ ಮೊದಲ ಮಡಕೆಯನ್ನು ಯಾರೂ ಉಳಿಸಿಕೊಳ್ಳುವಂತಿಲ್ಲ. ತಂತಿ ಹಿಡಿದು ನೆತ್ತಿಯಿಂದ ಬುಡದವರೆಗೆ ಎರಡು ಹೋಳು ಮಾಡಿ ಎಲ್ಲರ ಮುಂದಿಡಬೇಕು. ಬುಡದಲ್ಲಿ ಬೆರಳು ದಪ್ಪ, ಬಾಯಲ್ಲಿ ಹಾಳೆಯಷ್ಟು ತೆಳು. ಹೆಚ್ಚಿನವರ ಹೋಳು ಇದೇ ಕಥೆ ಹೇಳುತ್ತದೆ. ಕೊಯ್ದು ನೋಡಿದ ಮೇಲೆ ಎತ್ತುವ ಎರಡನೇ ಮಡಕೆಯೇ ಬೇರೆ. ಸುಟ್ಟಾದ ಮೇಲೆ ನೀರು ತುಂಬಿ ಗುರುತು ಹಾಕಿ ಇಡೀ ರಾತ್ರಿ ಬಿಟ್ಟು ಎಷ್ಟು ಇಳಿಯಿತೆಂದು ಅಳೆಯುತ್ತೇವೆ. ಹಳ್ಳಿಯ ಆವಿಗೆಯ ಹದವಾದ ಕಾವಿನಲ್ಲಿ ಬೆಂದ ಮಣ್ಣು ಗಾಜಿನಂತೆ ಮುಚ್ಚಿಹೋಗುವುದಿಲ್ಲ. ಆ ಗುಣವೇ ಈ ಮಡಕೆಗೆ ಬಲ.

ಗುರು ಇಲ್ಲೇ ಇದ್ದಾರೆ

ಮಣ್ಣಿನಲ್ಲಿ ಆಡುವುದು ನಮಗೆ ಹೊಸದೇನಲ್ಲ. ಕಾರಹುಣ್ಣಿಮೆ ಮುಗಿದರೆ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದಲ್ಲಿ ಗುಳ್ಳವ್ವ, ಭಾದ್ರಪದದಲ್ಲಿ ಕುಂಬಾರರ ಮನೆಯಲ್ಲಿ ಹುಟ್ಟಿ ಬುಟ್ಟಿಯೇರಿ ಬರುವ ಜೋಕುಮಾರ. ಸರ್ವಜ್ಞನ ತಾಯಿ ಕುಂಬಾರ ಮಾಳಿ ಎಂದು ನೆನೆಯುವ ಜಿಲ್ಲೆ ನಮ್ಮದು. ಆದ್ದರಿಂದ ನನ್ನ ಆಟಗಳನ್ನು ಈ ಪಂಚಾಂಗಕ್ಕೇ ಹೊಂದಿಸುತ್ತೇನೆ. ಮಣ್ಣೆತ್ತಿನ ವಾರದಲ್ಲಿ ತಿಗರಿಯ ಮೇಲೆ ಟೊಳ್ಳು ಕೊಳವೆ ಎತ್ತಿ, ಅದನ್ನು ಮಲಗಿಸಿ ಕಾಲು, ಕೊಂಬು, ಇಣಿ ಹಚ್ಚಿ ಎತ್ತು ಮಾಡುವುದು ಮಕ್ಕಳಿಗೆ ಎಲ್ಲಕ್ಕಿಂತ ಪ್ರಿಯವಾದ ಸವಾಲು.

ಆದರೂ ಪ್ರತಿ ತಂಡಕ್ಕೂ ಒಂದು ತರಗತಿಯನ್ನು ಕುಂಬಾರ ಮನೆತನದ ಹಿರಿಯರೇ ನಡೆಸಬೇಕೆಂಬುದು ನನ್ನ ಪಟ್ಟು. ಒಳಗೆ ಕಲ್ಲು ಹಿಡಿದು ಹೊರಗಿನಿಂದ ಸೊಳದಲ್ಲಿ ಬಡಿಯುತ್ತ ಅವರು ದಪ್ಪ ಗಡಿಗೆಯನ್ನು ತೆಳುವಾಗಿಸಿ, ತಳವನ್ನು ದುಂಡಗೆ ಮುಚ್ಚುವುದನ್ನು ನೋಡಬೇಕು. ಬಡಿತದ ಸದ್ದು ಕೇಳಿಯೇ ಗೋಡೆಯ ದಪ್ಪ ಹೇಳುವ ಕಿವಿ ಅವರದು. ಅವರಿಗೆ ಗೌರವಧನ ಕೊಟ್ಟೇ ಕರೆಯಬೇಕು. ಶಾಲು ಹೊದಿಸಿ ಕಳಿಸಿದರೆ ಸಾಲದು. ಸ್ಟೀಲು, ಪ್ಲಾಸ್ಟಿಕ್ಕು ಅವರ ಸಂತೆಯನ್ನು ಕಿತ್ತುಕೊಂಡಿವೆ. ಅವರ ವಿದ್ಯೆಗಾದರೂ ನಾವು ಬೆಲೆ ಕಟ್ಟೋಣ. ಖಾದಿ ಆಯೋಗವು 2018ರಿಂದ ಕುಂಬಾರರಿಗಾಗಿ ಯೋಜನೆ ರೂಪಿಸಿ ವಿದ್ಯುತ್ ತಿಗರಿ ಕೊಡುತ್ತಿದೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಅದೇ ಆಯೋಗದ ಗ್ರಾಮೀಣ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ಆಟದಲ್ಲಿ ಕೈ ಪಳಗಿ ಇದನ್ನೇ ಕಸುಬಾಗಿಸಿಕೊಳ್ಳುವೆನೆಂಬ ಹುಡುಗರಿಗೆ ನಾನು ತೋರಿಸುವ ದಾರಿ ಅದು.

ಶಾಲೆಯಲ್ಲೋ ಓಣಿಯಲ್ಲೋ ತರಗತಿ ಶುರುಮಾಡುವವರಿಗೆ ನನ್ನ ಮಾತು ಮೂರೇ. ಒಂದು ಆಟಕ್ಕೆ ಒಂದೇ ವಿದ್ಯೆ ಇರಲಿ. ಹಸಿ ಮಡಕೆಗಳಲ್ಲಿ ಹೆಚ್ಚಿನವನ್ನು ಮರಳಿ ಮಣ್ಣಿನ ಬಾನಿಗೆ ಹಾಕಿಸಿ, ಮತ್ತೆ ಎತ್ತುವ ಧೈರ್ಯ ಅಲ್ಲಿಂದಲೇ ಬರುತ್ತದೆ. ತರಗತಿ ಮುಗಿದಾಗ ಯಾರ ಮಡಕೆ ಚೆಂದ ಎಂದು ಕೇಳಬೇಡಿ. ಇವತ್ತು ನಿನ್ನ ಕೈ ಏನು ಕಲಿಯಿತು ಎಂದು ಒಬ್ಬೊಬ್ಬರನ್ನೂ ಕೇಳಿ, ಉತ್ತರ ಬರುವವರೆಗೆ ಕಾಯಿರಿ.