ಲೆನ್ಸ್ ಕೊಳ್ಳುವ ಮುಂಚೆ

ತಮ್ಮಾ, ಮದುವೆ ಸೀಸನ್ನು ಶುರುವಾಗುವ ಮುಂಚೆ 24-70 ಎಫ್2.8 ತಗೋಬೇಕು, ಸಾಲ ಆದರೂ ಪರವಾಗಿಲ್ಲ ಅಂತಿದ್ದೀಯ. ಬೇಡ ಅನ್ನುವವನಲ್ಲ ನಾನು. ಆದರೆ ಅದು ಬೇಕು ಅಂತ ಹೇಳಬೇಕಾದ್ದು ನೀನೇ ತೆಗೆದ ಫೋಟೊಗಳು, ಪಕ್ಕದ ಸ್ಟುಡಿಯೋದವರ ಕೊರಳಲ್ಲಿ ತೂಗುವ ಲೆನ್ಸ್ ಅಲ್ಲ.

ಹಿಂದಿನ ಕೆಲವು ಮದುವೆಗಳ ಫೈಲ್‌ಗಳನ್ನು ತೆರೆದು ಕೂತುಕೋ. ಪ್ರತಿ ಫೋಟೊದ ಜೊತೆ ಐಎಸ್‌ಒ, ಶಟರ್ ಸ್ಪೀಡ್, ಎಷ್ಟು ಎಂಎಂನಲ್ಲಿ ತೆಗೆದೆ ಅನ್ನುವುದೆಲ್ಲ ದಾಖಲಾಗಿರುತ್ತದೆ. ಧಾರೆಯ ಫೋಟೊಗಳನ್ನು ಮುಖ್ಯವಾಗಿ ನೋಡು. ಬೆಳಗಿನ ಜಾವದ ಮುಹೂರ್ತ, ಛತ್ರದ ಟ್ಯೂಬ್‌ಲೈಟು, ಹೋಮದ ಹೊಗೆ. ನಿನ್ನ ಕಿಟ್ ಲೆನ್ಸ್ 70ಕ್ಕೆ ಎಳೆದಾಗ ಎಫ್5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್2.8 ಅಂದರೆ ಅದರ ನಾಲ್ಕರಷ್ಟು ಬೆಳಕು. ಐಎಸ್‌ಒ 6400ರಲ್ಲಿ 1/60ಕ್ಕೆ ತೆಗೆದದ್ದನ್ನು ಅದೇ ಐಎಸ್‌ಒನಲ್ಲಿ 1/250ಕ್ಕೆ ತೆಗೆಯಬಹುದು. ತಾಳಿ ಕಟ್ಟುವ ಕೈಬೆರಳು ಅಲುಗದೆ ಸಿಗುವುದು ಅಲ್ಲಿ. ಫ್ಲಾಶ್ ಇದೆಯಲ್ಲ ಅಂತೀಯೇನೋ. ಇದೆ, ಆದರೆ ಅಗ್ನಿಯ ಕೆಂಬೆಳಕು ವಧುವಿನ ಮುಖದ ಮೇಲೆ ಬಿದ್ದಿರುವಾಗ ಫ್ಲಾಶ್ ಹೊಡೆದರೆ ಆ ಕೆಂಪೇ ಹೋಗಿಬಿಡುತ್ತದೆ. ಈ ಒಂದು ಕಾರಣಕ್ಕೇ ನಾನು ಈ ಲೆನ್ಸಿನ ಪರ. ವಿಡಿಯೋದಲ್ಲೂ ಜೂಮ್ ಮಾಡಿದ ಹಾಗೆ ಚಿತ್ರ ಕಪ್ಪಾಗುತ್ತಾ ಹೋಗುವ ಕಾಟ ಇರುವುದಿಲ್ಲ.

ನಿನ್ನ ಕೆಲಸ ಹೆಚ್ಚಾಗಿ ಹಗಲಿನ ಹೊರಾಂಗಣದ್ದಾದರೆ ಈ ದುಡ್ಡು ದಂಡ. ಎಫ್8ರಲ್ಲಿ ಕಿಟ್ ಲೆನ್ಸಿನಿಂದ ಒಂದು, ಇದರಿಂದ ಒಂದು ತೆಗೆದ ಫೋಟೊಗಳ ನಡುವೆ ಗಿರಾಕಿಗೆ ವ್ಯತ್ಯಾಸ ಕಾಣುವುದು ಕಷ್ಟ.

ಭಾರದ ಲೆಕ್ಕವನ್ನೂ ಹಾಕು. ಸೋನಿಯ ಮೊದಲ 24-70 ಜಿಎಂ 2016ರಲ್ಲಿ ಬಂದಾಗ 886 ಗ್ರಾಂ ಇತ್ತು. 2022ರ ಎರಡನೆಯದು 695 ಗ್ರಾಂ. 2021ರ ಟ್ಯಾಮ್ರಾನ್ 28-75 ಜಿ2 ಕೇವಲ 540 ಗ್ರಾಂ, ಬೆಲೆಯೂ ಬಹಳ ಕಡಿಮೆ, ಅಪರ್ಚರ್ ಅದೇ ಎಫ್2.8. ಬೆಳಗಿನಿಂದ ಆರತಕ್ಷತೆ ಮುಗಿಯುವತನಕ ಮಣಿಕಟ್ಟಿನ ಮೇಲಿರುವ ವಸ್ತು ಇದು. ನಿನ್ನದು ಸೋನಿ ಬಾಡಿ, ಹಾಗಾಗಿ ಟ್ಯಾಮ್ರಾನ್ ಸಾಕು ಅಂತಲೇ ನನ್ನ ಅಭಿಪ್ರಾಯ. ಒಂದೇ ತಕರಾರು, ಅದು 28ರಿಂದ ಶುರು. ಅರಿಶಿನ ಶಾಸ್ತ್ರ ಪುಟ್ಟ ನಡುಮನೆಯಲ್ಲಿ ನಡೆದು, ನಿನ್ನ ಬೆನ್ನು ಗೋಡೆಗೆ ತಾಗಿದಾಗ 24 ಇರಬೇಕಿತ್ತು ಅನಿಸುತ್ತದೆ. ಹಳೆಯ ಫೈಲ್‌ಗಳಲ್ಲಿ 28ರಲ್ಲೇ ತೆಗೆದವು ರಾಶಿ ಇದ್ದರೆ ಇದನ್ನು ಯೋಚಿಸು.

ಎಫ್2.8 ಸಿಕ್ಕಿತು ಅಂತ ಗ್ರೂಪ್ ಫೋಟೊಗೂ ಅದನ್ನೇ ಇಡಬೇಡ. ಹಿಂದಿನ ಸಾಲಿನ ಅಜ್ಜ ಅಜ್ಜಿ ಮಸುಕಾಗುತ್ತಾರೆ. ಮನೆಯವರು ಆಲ್ಬಮ್ಮಿನಲ್ಲಿ ಮೊದಲು ಹುಡುಕುವ ಮುಖ ಅವರದೇ. ಅಲ್ಲಿ ಎಫ್5.6, ಎಫ್8ಕ್ಕೆ ಇಳಿ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಮೊಬೈಲ್ ಟಾರ್ಚನ್ನು ಹಿಂದಿನಿಂದ ಬಿಟ್ಟು ಗಾಜಿನೊಳಗೆ ನೋಡು. ನಮ್ಮ ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಲೆನ್ಸಿನಲ್ಲಿ ಜೇಡರ ಬಲೆಯಂಥ ಬೂಷ್ಟು ಇರಬಹುದು. ಅದಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಹೊಸದನ್ನೂ ಮಳೆಗಾಲದಲ್ಲಿ ಚರ್ಮದ ಬ್ಯಾಗಿನೊಳಗೆ ಮುಚ್ಚಿಡಬೇಡ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡು.

ಸಾಲದ ಕಾಗದಕ್ಕೆ ಸಹಿ ಹಾಕುವ ಮುಂಚೆ ಸೋನಿ 24-70, ಟ್ಯಾಮ್ರಾನ್ 28-75 ಎರಡನ್ನೂ ಬಾಡಿಗೆಗೆ ತಂದು ಒಂದೊಂದು ಮದುವೆ ಮಾಡು. ಆಮೇಲೆ ಆ ಫೋಟೊಗಳನ್ನು ತಗೊಂಡು ಬಾ, ಕೂತು ನೋಡೋಣ.